ಮೌನವ್ವನ ಕುಂಕುಮ

ಬಹಳ ಬಹಳ ಹಿಂದೆ, ಘಟ್ಟ ಇಳಿಯುವ ದಾರಿಯ ಬಾಯಲ್ಲಿ ಒಂದು ಊರಿತ್ತು. ಕಣವಿಬಾಗಿಲ ಅಂತ ಅದರ ಹೆಸರು. ಯಾವ ಕಾಲ, ಯಾವ ಇಸವಿ ಅಂತ ಕೇಳಬೇಡಿ. ಇಸವಿ ಕೇಳುವವರು ಕತೆ ಕೇಳಲು ಬಂದವರಲ್ಲ, ತಪ್ಪು ಹುಡುಕಲು ಬಂದವರು. ಮೋಟಾರುಗಳು ಆಗಲೇ ಬಂದಿದ್ದವು, ಬಂದು ಮುದಿಯಾಗಿಯೂ ಇದ್ದವು. ಅಷ್ಟು ತಿಳಿದರೆ ಸಾಕು, ಸುಮ್ಮನೆ ಕೂತು ಕೇಳಿ.

ಆ ಊರಲ್ಲಿ ಒಂದು ಗುಜರಿ ಓಣಿ ಇತ್ತು. ಘಟ್ಟದಲ್ಲಿ ಉರುಳಿದ್ದು, ಸುಟ್ಟದ್ದು, ದೊರೆಗಳ ಮನೆಯ ಲಾಯದಲ್ಲಿ ನಿಂತು ಕೋಳಿ ಮೊಟ್ಟೆ ಇಡುವ ಜಾಗವಾಗಿದ್ದು, ಎಲ್ಲ ಕಾರುಗಳೂ ಕೊನೆಗೆ ಆ ಓಣಿಗೇ ಬರುತ್ತಿದ್ದವು. ಅವನ್ನು ಮಾಡಿದ ಕಂಪನಿಗಳು ಕಡಲಾಚೆ ಎಂದೋ ಬಾಗಿಲು ಹಾಕಿಕೊಂಡಿದ್ದವು. ಬದುಕಿರುವ ಹಳೇ ಕಾರಿನ ಗೇರಿನ ಒಂದು ಹಲ್ಲು ಮುರಿದರೆ ಹೊಸದು ತರಿಸುವ ಮಾತೇ ಇಲ್ಲ. ಸತ್ತ ಕಾರಿನ ಹೊಟ್ಟೆ ಬಗೆದು, ಒಳಗಿನ ಗೇರು ತೆಗೆದು, ಇದಕ್ಕೆ ಹೊಂದುತ್ತದೋ ಇಲ್ಲವೋ ನೋಡಿ ಹಾಕಬೇಕು. ಹೊಂದುತ್ತದೋ ಇಲ್ಲವೋ ಅಂತ ಖಂಡಿತವಾಗಿ ಹೇಳಬಲ್ಲವಳು ಆ ಸೀಮೆಗೆಲ್ಲ ಒಬ್ಬಳೇ ಇದ್ದಳಂತೆ. ಅವಳೇ ಕಮ್ಮಾರರ ಮೌನವ್ವ.

ಹೆಸರು ಮೌನವ್ವ. ಬಾಯಿ ಬಿಟ್ಟರೆ ಮಾತ್ರ ಓಣಿಯ ಆ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಓಡುತ್ತಿತ್ತಂತೆ. ತಗಡಿನ ಶೆಡ್ಡಿನ ಬಾಗಿಲಲ್ಲಿ ಗೋಣಿತಾಟು ಹಾಸಿಕೊಂಡು ಕೂತಿರುತ್ತಿದ್ದಳು. ಸುತ್ತ ಗೇರುಗಳ ರಾಶಿ. ಕೈಗೆ ಒಂದು ಗೇರು ಕೊಟ್ಟರೆ ಮೊದಲು ಒಂದು ಹಲ್ಲಿಗೆ ಸುಣ್ಣದ ಬೊಟ್ಟಿಟ್ಟು, ಅಲ್ಲಿಂದ ಹೆಬ್ಬೆರಳು ಜರುಗಿಸುತ್ತ ಹಲ್ಲೆಣಿಸುತ್ತಿದ್ದಳು. ಆಮೇಲೆ ಹಲ್ಲು ಎಡಕ್ಕೆ ವಾಲಿದೆಯೋ ಬಲಕ್ಕೋ ನೋಡುತ್ತಿದ್ದಳು. ಆಮೇಲೆ ನಡುವಿನ ತೂತಿಗೆ ಕಿರುಬೆರಳು ಹಾಕಿ ಗೀರುಗಳನ್ನು ಎಣಿಸುತ್ತಿದ್ದಳು. ಅಷ್ಟಾದರೆ ಆಯಿತು, ಯಾವ ಕಾರಿನದು, ಎಷ್ಟನೇ ಗೇರಿನದು, ಓಡಿಸಿದವನು ಎಂಥ ಮನುಷ್ಯ ಅಂತ ಎಲ್ಲ ಹೇಳಿಬಿಡುತ್ತಿದ್ದಳು. ಹಾಗಂತಾರೆ.

ಒಮ್ಮೆ ದೂರದ ಊರಿನ ವಕೀಲರೊಬ್ಬರು ಕರವಸ್ತ್ರದಲ್ಲಿ ಬರೀ ಒಂದು ಮುರಿದ ಹಲ್ಲು ಕಟ್ಟಿಕೊಂಡು ಬಂದರಂತೆ. ಬೇರೇನೂ ಇಲ್ಲ, ಕಾಳುಮೆಣಸಿಗಿಂತ ತುಸು ದೊಡ್ಡದಾದ ಕಬ್ಬಿಣದ ಚೂರು. ಮೌನವ್ವ ಅದನ್ನು ಬೆರಳ ನಡುವೆ ಹೊರಳಿಸಿದಳು. "ಮೂರನೇ ಗೇರಿಂದು, ಇಪ್ಪತ್ತೆಂಟ ಹಲ್ಲಿಂದು. ನಿಮ್ಮ ಡ್ರೈವರ ಕ್ಲಚ್ಚಿನ ಮ್ಯಾಲ ಕಾಲಿಟಗೊಂಡ ನಿದ್ದಿ ಮಾಡ್ತಾನ್ರಿ. ಗೇರ ಆಮ್ಯಾಲ ಒಯ್ರಿ, ಮೊದಲ ಅವನ್ನ ಬದಲಿ ಮಾಡ್ರಿ" ಅಂದಳಂತೆ. ಅಂದವಳೇ ರಾಶಿಯ ತಳಕ್ಕೆ ಕೈ ಹಾಕಿ ಅದೇ ಗೇರು ಎಳೆದು ಕೊಟ್ಟಳಂತೆ. ಇನ್ನೊಮ್ಮೆ ಏಳೂರಿನ ಮಿಸ್ತ್ರಿಗಳು ಹದಿನೆಂಟು ಕಾರಿನ ಗೇರುಗಳನ್ನು ಕಲಸಿ ರಾಶಿ ಹಾಕಿ ಅವಳನ್ನು ಪರೀಕ್ಷೆ ಮಾಡಿದರಂತೆ, ಊಟದ ಹೊತ್ತಿಗೆ ಹದಿನೆಂಟನ್ನೂ ಬೇರೆ ಮಾಡಿ ಇಟ್ಟಳಂತೆ. ನನ್ನ ಅಜ್ಜಿ ಈ ಕತೆ ಹೇಳುವಾಗ ಎಂಟು ಕಾರಿದ್ದವು, ಈಗ ಹದಿನೆಂಟಾಗಿವೆ. ಇರಲಿ, ಎಂಟೇನು ಸಣ್ಣದೇ?

ಅವಳ ವಿದ್ಯೆಯಷ್ಟೇ ಅವಳ ಸಿಟ್ಟೂ ಹೆಸರಾಗಿತ್ತು. ಸುಳ್ಳು ಹೇಳಿ ಗೇರು ಮಾರಲು ಬಂದವನಿಗೆ ಅದೇ ಗೇರು ಕಾಲ ಮೇಲೆ ಬೀಳುತ್ತಿತ್ತು. ಗುಜರಿ ಓಣಿಯಲ್ಲಿ ಕುಂಟುತ್ತ ನಡೆಯುವವನನ್ನು ಕಂಡರೆ ಜನ ಏನಾಯಿತು ಅಂತ ಕೇಳುತ್ತಲೇ ಇರಲಿಲ್ಲವಂತೆ. ಎಲ್ಲರೂ ಅವಳ ಸಿಟ್ಟಿನ ಮಾತಾಡಿ ನಗುತ್ತಾರೆ. ಆ ಸಿಟ್ಟು ಯಾಕೆ ಬಂತು ಅನ್ನುವಾಗ ಮಾತ್ರ ಎಲ್ಲರ ಬಾಯಿಗೂ ಬೀಗ. ನಾನು ಹೇಳುತ್ತೇನೆ, ಕೇಳಿ.

ಅವಳ ಗಂಡ ಕಾಳಪ್ಪ ಮಿಸ್ತ್ರಿ. ಮೆತ್ತನೆಯ ಮನುಷ್ಯ, ಗಟ್ಟಿ ಕೈ. ಗೇರು ಹೊಂದಿಸುವವಳು ಅವಳು, ಕಾರಿಗೆ ಹಾಕುವವನು ಅವನು. ಆಗ ಮೌನವ್ವನ ಹಣೆಯಲ್ಲಿ ಕಾಸಗಲ ಕುಂಕುಮವಿತ್ತು, ಬಾಯಲ್ಲಿ ಇಷ್ಟು ಬೆಂಕಿ ಇರಲಿಲ್ಲ. ಕಾಳಪ್ಪ ಹೆಂಡ ಮುಟ್ಟಿದವನಲ್ಲ. ಹೆಂಡದಂಗಡಿಯ ಮುಂದಿನ ದಾರಿ ಹಿಡಿದರೆ ಬಟ್ಟೆಗೆ ವಾಸನೆ ಹತ್ತುತ್ತದೆ ಅಂತ ಸುತ್ತು ಹಾಕಿ ಮನೆಗೆ ಬರುತ್ತಿದ್ದನಂತೆ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ನಿಮಗೆ ತಿಳಿದಿರಬೇಕು. ಕಾರಿನ ಹಿಂದಿನ ಗಾಲಿಗಳ ಅಚ್ಚಿನ ನಡುವೆ ಒಂದು ದೊಡ್ಡ ಗೇರು, ಒಂದು ಚಿಕ್ಕ ಗೇರು ಇರುತ್ತವೆ. ಮಿಸ್ತ್ರಿಗಳು ಕ್ರೌನು, ಪಿನಿಯನ್ ಅನ್ನುತ್ತಾರೆ, ನಮಗೆ ದೊಡ್ಡದು, ಚಿಕ್ಕದು ಅಂದರೆ ಸಾಕು. ಇಂಜಿನ್ನಿನ ಬಲವೆಲ್ಲ ಹಾಯ್ದು ಹೋಗುವುದು ಅವೆರಡರ ಹಲ್ಲಿನಿಂದಲೇ. ಕಾರ್ಖಾನೆಯಲ್ಲಿ ಒಂದರ ಮೈಗೆ ಒಂದನ್ನು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಅಂಕಿ ಒತ್ತುತ್ತಾರೆ. ಅಲ್ಲಿಂದ ಅವು ಜೋಡಿ. ಬೇರೆ ಜೋಡಿಯ ಚಿಕ್ಕ ಗೇರು ತಂದು ಹಾಕಿದರೆ ಹಲ್ಲಿನ ಎಣಿಕೆ ಸರಿಯಿರಬಹುದು, ಒಳಗೆ ಕೂರಲೂಬಹುದು. ಆದರೆ ಹಲ್ಲಿಗೆ ಹಲ್ಲು ತುಂಬ ಕಚ್ಚುವುದಿಲ್ಲ, ತುದಿಗಷ್ಟೇ ತಾಗುತ್ತದೆ. ಬಯಲಲ್ಲಿ ಅಂಥ ಕಾರು ಗೊಂಯ್ ಅನ್ನುತ್ತ ಹೇಗೋ ಹೋಗುತ್ತದೆ, ಘಟ್ಟದಲ್ಲಿ ಹಲ್ಲು ಮುರಿಯುತ್ತದೆ. ಆ ಕಾಲದ ಕಾರುಗಳಿಗೆ ಇಳಿಜಾರಿನಲ್ಲಿ ಗೇರೇ ಬ್ರೇಕು. ಹಲ್ಲು ಮುರಿದರೆ ಕಾರಿಗೆ ಹಿಡಿತವೇ ಇಲ್ಲ.

ಓಣಿಯಲ್ಲಿ ದೊಡ್ಡ ಗೋದಾಮಿನ ಒಡೆಯ ಅಂದಾನೆಪ್ಪ ಸಾವಕಾರ. ಅವನ ಮಾಲು ಹೋಗದ ಊರಿಲ್ಲ, ಅವನ ಹಂಗಿಲ್ಲದ ಮನೆ ಕಣವಿಬಾಗಿಲಲ್ಲಿ ಇರಲಿಲ್ಲ. ಒಮ್ಮೆ ಇನಾಮದಾರರ ಹಳೇ ಕಾರಿಗೆ ಹಿಂದಿನ ಜೋಡಿ ಬೇಕಾಯಿತು. ಅಂದಾನೆಪ್ಪ ತಾನೇ ಜೋಡಿ ತಂದುಕೊಟ್ಟ, ಹೊಸ ಬಟ್ಟೆಯಲ್ಲಿ ಸುತ್ತಿ, ನಗುನಗುತ್ತ. ಮೌನವ್ವ ಹಲ್ಲೆಣಿಸಿದಳು. ದೊಡ್ಡದಕ್ಕೆ ನಲವತ್ತೊಂದು, ಚಿಕ್ಕದಕ್ಕೆ ಒಂಬತ್ತು. ಅಂಕಿ ನೋಡಿದಳು. ದೊಡ್ಡದರ ಮೇಲೆ ನಾನೂರ ಹದಿನೇಳು, ಚಿಕ್ಕದರ ಮೇಲೂ ನಾನೂರ ಹದಿನೇಳು. "ಸರಿ ಐತಿ" ಅಂದಳು.

ಆ ಎರಡು ಮಾತನ್ನು ಅವಳು ಸಾಯುವ ತನಕ ಮರೆಯಲಿಲ್ಲ. ಮನುಷ್ಯ ಸುಳ್ಳು ಹೇಳುತ್ತಾನೆ ಅಂತ ಅವಳಿಗೆ ಗೊತ್ತಿತ್ತು. ಕಬ್ಬಿಣದ ಬಾಯಲ್ಲೂ ಸುಳ್ಳು ಹೇಳಿಸುತ್ತಾನೆ ಅಂತ ಗೊತ್ತಿರಲಿಲ್ಲ.

ಓಣಿಯ ಕಟ್ಟಳೆ ಹೇಗಿತ್ತು ಅಂದರೆ, ಗೇರು ಹಾಕಿದ ಮಿಸ್ತ್ರಿಯೇ ಮೊದಲು ಕಾರನ್ನು ಘಟ್ಟದ ಏಳನೇ ತಿರುವಿನ ತನಕ ಇಳಿಸಿ, ತಿರುಗಿಸಿಕೊಂಡು ಬಂದು ಒಡೆಯನಿಗೆ ಒಪ್ಪಿಸಬೇಕು. ಕಾಳಪ್ಪ ಕಾರು ಹತ್ತಿದ. ಜೊತೆಗೆ ಬರಲು ಹೊರಟ ಇನಾಮದಾರರ ಮಗನನ್ನು, ಮೊದಲ ಸಲ ಒಬ್ಬನೇ ಹೋಗಬೇಕು ಅಂತ ಇಳಿಸಿದ. ಮಧ್ಯಾಹ್ನದ ರೊಟ್ಟಿ ಬೇಯುವುದರೊಳಗೆ ಬರುತ್ತೇನೆ ಅಂತ ಹೆಂಡತಿಗೆ ಹೇಳಿ ಹೋದ. ಏಳನೇ ತಿರುವಿನಲ್ಲಿ ಕಾರು ತಿರುಗಲಿಲ್ಲ, ನೇರವಾಗಿ ಕಣಿವೆಗೆ ಹೋಯಿತು.

ಅವನ ಗೆಳೆಯ ಮೋದಿನಸಾಬ, ಅವನೂ ಅದೇ ಓಣಿಯ ಮಿಸ್ತ್ರಿ, ಬಳ್ಳಿ ಹಿಡಿದು ಇಳಿದು ಹೆಣ ಹೊತ್ತು ತಂದ. ಜನ ಸೇರಿತ್ತು. ಇನ್ನೂ ಯಾರೂ ಏನೂ ಕೇಳಿರಲಿಲ್ಲ. ಅಂದಾನೆಪ್ಪ ತಾನಾಗಿಯೇ ಒಂದು ಮಾತಂದ. "ಕುಡದಿರಬೇಕು." ಅಷ್ಟೇ ಅಂದದ್ದು. ಸಂಜೆಯ ಹೊತ್ತಿಗೆ ಅದು ಕುಡಿದಿದ್ದನಂತೆ ಅಂತಾಯಿತು. ಮರುದಿನ ಅವನು ಕುಡಿಯುತ್ತಿದ್ದುದನ್ನು ಕಣ್ಣಾರೆ ಕಂಡವರು ಇಬ್ಬರು ಹುಟ್ಟಿಕೊಂಡರು. ಮೂರನೆಯ ದಿನ ಏಳನೇ ತಿರುವಿಗೆ ಹೆಸರೂ ಬಿತ್ತು. ಕುಡುಕನ ತಿರುವು. ನಾಲಗೆಗೆ ಎಲುಬಿಲ್ಲದ ಜನ! ಒಂದು ತೊಟ್ಟು ಮುಟ್ಟದವನ ಹೆಸರನ್ನು ಹೆಂಡದಲ್ಲಿ ಅದ್ದಿ ದಾರಿಯ ಮೇಲೆ ಬರೆದಿಟ್ಟರು.

ಮೌನವ್ವ ನಾಲ್ಕನೆಯ ದಿನ ಮೋದಿನಸಾಬನನ್ನು ಕರೆದುಕೊಂಡು ಕಣಿವೆಗೆ ಇಳಿದಳು. ಮುರಿದ ಕಾರಿನ ಹಿಂದಿನ ಅಚ್ಚು ಬಿಚ್ಚಿಸಿದಳು. ಚಿಕ್ಕ ಗೇರಿನ ಒಂಬತ್ತು ಹಲ್ಲಿನಲ್ಲಿ ಮೂರು ಹಾರಿಹೋಗಿದ್ದವು. ಉಳಿದ ಆರರಲ್ಲಿ ತುದಿಯಷ್ಟೇ ಬೆಳ್ಳಗೆ ಸವೆದಿತ್ತು, ಬುಡ ಹಾಗೇ ಕಪ್ಪಗಿತ್ತು. ನೋಡಿದ ಕೂಡಲೇ ಅವಳಿಗೆ ತಿಳಿಯಿತು, ಇದು ಆ ದೊಡ್ಡದರ ಜೋಡಿಯಲ್ಲ. ಅಂಕಿಯ ಜಾಗದಲ್ಲಿ ಅರ ಹಾಕಿ ಉಜ್ಜಿದ ನುಣುಪಿತ್ತು. ಬ್ಯಾಟರಿಯ ಆಸಿಡ್ಡನ್ನು ಕಡ್ಡಿಯಲ್ಲಿ ಅದ್ದಿ ಅಲ್ಲಿ ಇಟ್ಟಳು. ಹೊಸದಾಗಿ ಒತ್ತಿದ ನಾನೂರ ಹದಿನೇಳರ ಕೆಳಗಿಂದ ಹಳೆಯ ಅಂಕಿ ಮಂಕಾಗಿ ಎದ್ದು ಬಂತು. ಇನ್ನೂರ ಎಂಬತ್ತಮೂರು.

ಅವಳು ಅಲ್ಲಿಯೇ ಕೂತಳಂತೆ. ಅಳಲಿಲ್ಲವಂತೆ. ಮೊದಲ ಸಿಟ್ಟು ಅಂದಾನೆಪ್ಪನ ಮೇಲೆ ಬರಲಿಲ್ಲ, ತನ್ನ ಹೆಬ್ಬೆರಳ ಮೇಲೆ ಬಂತು. ಹಲ್ಲೆಣಿಸಿ ಸರಿ ಅಂದ ಬೆರಳು. ಆ ಬೆರಳನ್ನು ಒಲೆಯಲ್ಲಿಟ್ಟು ಸುಟ್ಟುಕೊಂಡಳು ಅಂತಾರೆ, ಅದನ್ನು ನಾನು ನಂಬುವುದಿಲ್ಲ. ಬೆರಳು ಸುಟ್ಟುಕೊಂಡಿದ್ದರೆ ಮುಂದಿನ ಕೆಲಸ ಯಾರು ಮಾಡುತ್ತಿದ್ದರು?

ಊರ ಹಿರಿಯರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸೇರಿದರು. ಮೌನವ್ವ ಚಿಕ್ಕ ಗೇರನ್ನು ಅವರ ಮುಂದೆ ಇಟ್ಟಳು, ಎರಡು ಅಂಕಿ ತೋರಿಸಿದಳು, ಸವೆದ ತುದಿ ತೋರಿಸಿದಳು. ಹಿರಿಯರು ಆ ಕಡೆ ಈ ಕಡೆ ಹೊರಳಿಸಿ ನೋಡಿದರು. ಕಬ್ಬಿಣದ ವಿಷಯ ತಮಗೇನು ತಿಳಿಯುತ್ತದೆ ಅಂದರು. ಎಲ್ಲ ತಿಳಿಯುತ್ತಿತ್ತು ಅವರಿಗೆ, ಎದುರಿಗೆ ಅಂದಾನೆಪ್ಪ ಕೂತಿದ್ದಾನೆ ಅನ್ನುವುದು ಅದಕ್ಕಿಂತ ಚೆನ್ನಾಗಿ ತಿಳಿಯುತ್ತಿತ್ತು. ಅಂದಾನೆಪ್ಪ ಎಲೆ ಅಡಿಕೆ ಮೆಲ್ಲುತ್ತ ಕೇಳಿದ. "ಹಲ್ಲ ಒಂಬತ್ತ ಇದ್ದುವಿಲ್ಲೋ? ನೀನ ಎಣಿಸಿ ಸರಿ ಐತಿ ಅಂದಿಲ್ಲೋ? ಕಬ್ಬಿಣ ಅಂದ್ರ ಕಬ್ಬಿಣ." ಕಟ್ಟೆಯ ಮೇಲಿದ್ದವರು ತಲೆಯಾಡಿಸಿದರು. ಹಣೆಬರಹ ತಂಗಿ, ಯಾರೇನು ಮಾಡಲಾಗುತ್ತದೆ ಅಂದರು.

ಹಣೆಬರಹವಂತೆ! ಅರ ಹಾಕಿ ಉಜ್ಜಿ, ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆದ ಬರಹವನ್ನು ಹಣೆಬರಹ ಅಂದುಬಿಟ್ಟರು.

ಹನ್ನೊಂದನೆಯ ದಿನ ಓಣಿಯ ಹೆಂಗಸರು ಬಂದರು, ಅವಳ ಬಳೆ ಒಡೆಯಲು, ಹಣೆಯ ಕುಂಕುಮ ಅಳಿಸಲು. ಬಳೆಗೆ ಅವಳು ಕೈ ಕೊಟ್ಟಳು, ಹಣೆಯನ್ನೂ ಕೊಟ್ಟಳು. ಒಬ್ಬಳು ಮೂಲೆಯಲ್ಲಿದ್ದ ಕುಂಕುಮದ ಭರಣಿ ಎತ್ತಿಕೊಂಡು ಹೊರಟಾಗ ಮಾತ್ರ ಎದ್ದು ಕಸಿದುಕೊಂಡಳು. ಆ ಹೆಂಗಸು ಗಾಬರಿಯಾಗಿ, ಇನ್ನು ನಿನಗಿದು ಯಾಕೆ ಅಂತ ಕೇಳಿದಳು. "ನನ್ನ ಹಣಿಗೆ ಬ್ಯಾಡಾತು, ತಿಳೀತು. ಕಬ್ಬಿಣಕ್ಕ ಬೇಕು. ಮುಟ್ಟೀರಿ ಮತ್ತ!" ಅಂದಳಂತೆ ಮೌನವ್ವ. ಆವತ್ತೇ ಮೊದಲು ಅವಳ ದನಿ ಓಣಿಯ ಆ ತುದಿಗೆ ಕೇಳಿದ್ದು.

ಅಲ್ಲಿಂದ ಅವಳು ಅಂಕಿಯನ್ನು ನಂಬಲಿಲ್ಲ. ಕುಂಕುಮವನ್ನು ಹರಳೆಣ್ಣೆಯಲ್ಲಿ ಕಲಸಿ ದೊಡ್ಡ ಗೇರಿನ ಹಲ್ಲುಗಳಿಗೆ ತೆಳ್ಳಗೆ ಬಳಿಯುತ್ತಿದ್ದಳು. ಚಿಕ್ಕದನ್ನು ಅದಕ್ಕೆ ಕಚ್ಚಿಸಿ ಒಂದು ಸುತ್ತು ತಿರುಗಿಸುತ್ತಿದ್ದಳು. ನಿಜವಾದ ಜೋಡಿಯಾದರೆ ಚಿಕ್ಕದರ ಹಲ್ಲಿನ ನಡುಮೈಗೆ ಕೆಂಪು ತುಂಬ ಹತ್ತುತ್ತದೆ. ಸುಳ್ಳು ಜೋಡಿಯಾದರೆ ತುದಿಗೆ ಒಂದು ಗೀರು, ಅಷ್ಟೇ. ಅರಕ್ಕೆ ಮೋಸ ಮಾಡಲು ಬರುತ್ತದೆ, ಅಂಕಿ ಒತ್ತುವ ಅಚ್ಚಿಗೆ ಬರುತ್ತದೆ, ಕುಂಕುಮಕ್ಕೆ ಬರುವುದಿಲ್ಲ. ಸರಿಯಾದ ಜೋಡಿ ಸಿಕ್ಕರೆ ತಾಮ್ರದ ತಂತಿ ಬಿಗಿದು ಕಟ್ಟಿ ಇಡುತ್ತಿದ್ದಳು, ಒಂದನ್ನು ಬಿಟ್ಟು ಒಂದನ್ನು ಕೇಳಿದವನಿಗೆ ಬೈದು ಕಳಿಸುತ್ತಿದ್ದಳು. ಅವಳ ಶೆಡ್ಡಿಗೆ ದೂರ ದೂರದ ಜನ ಬರತೊಡಗಿದರು. ಹೆಸರು ಬೆಳೆಯಿತು, ಕತೆ ಬೆಳೆಯಿತು.

ಆದರೆ ತಿರುವಿನ ಹೆಸರು ಅಳಿಯಲಿಲ್ಲ. ದಿನಾ ಬೆಳಿಗ್ಗೆ ಬಸ್ಸಿನವನು ಅವಳ ಶೆಡ್ಡಿನ ಮುಂದೆಯೇ ನಿಂತು ಕೂಗುತ್ತಿದ್ದ, ಕುಡುಕನ ತಿರುವು, ಕುಡುಕನ ತಿರುವಿನವರು ಹತ್ತಿ ಅಂತ. ಮೌನವ್ವ ಎದ್ದು ನಿಂತು ಅವನಿಗಿಂತ ಜೋರಾಗಿ ಕೂಗುತ್ತಿದ್ದಳು, ಕಾಳಪ್ಪನ ತಿರುವು! ಬಸ್ಸಿನ ಕಿಟಕಿಗಳಿಂದ ಜನ ಇಣುಕಿ ನಗುತ್ತಿದ್ದರು. ಬಸ್ಸಿಗೆ ಒಂದು ನಟ್ಟು ಬೀಸಿ ಒಗೆಯುತ್ತಿದ್ದಳು. ಗಾಜು ಒಡೆದರೆ ಆ ದಿನ ಹೊಟ್ಟೆ ತುಂಬ ಉಣ್ಣುತ್ತಿದ್ದಳಂತೆ. ಹನ್ನೆರಡು ವರ್ಷ ಹೀಗೇ ಕೂಗಿದಳು. ಹನ್ನೆರಡು ವರ್ಷ ಆ ಊರು ನಕ್ಕಿತು. ನಕ್ಕವರಲ್ಲಿ ನಮ್ಮ ಮನೆಯವರೂ ಇದ್ದರು, ಯಾಕೆ ಮುಚ್ಚಿಡಲಿ? ಮುರಿದ ಚಿಕ್ಕ ಗೇರನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಒಂದು ಚೀಲದಲ್ಲಿ ಹಾಕಿ ಅವಳು ಸೊಂಟದ ಹತ್ತಿರವೇ ಇಟ್ಟುಕೊಂಡಿರುತ್ತಿದ್ದಳು. ಅದಕ್ಕೆ ಒಂದು ಚೂರೂ ತುಕ್ಕು ಹಿಡಿಯಲು ಬಿಡಲಿಲ್ಲ.

ಹನ್ನೆರಡನೆಯ ವರ್ಷ ಅಂದಾನೆಪ್ಪನಿಗೆ ದೊಡ್ಡಸ್ತಿಕೆ ನೆತ್ತಿಗೇರಿತು. ಯಾವುದೋ ಸಂಸ್ಥಾನದ ಮನೆಯಿಂದ ಒಂದು ಕಾರು ತಂದ. ಉದ್ದ ಮೂತಿ, ಹಿತ್ತಾಳೆಯ ದೀಪಗಳು, ಮೇಲೆ ಮಡಚುವ ಟೊಪ್ಪಿಗೆ. ರೇಷ್ಮೆ ರುಮಾಲು ಸುತ್ತಿಕೊಂಡು ತಾನೇ ಓಡಿಸಿಕೊಂಡು ಓಣಿಯಲ್ಲಿ ಮೆರೆದ. ತಿಂಗಳಾಗಲಿಲ್ಲ, ಹಿಂದಿನ ಅಚ್ಚಿನಲ್ಲಿ ಕಟಕಟ ಸದ್ದು ಬಂದು ಕಾರು ನಿಂತಿತು. ದೊಡ್ಡದರದೂ ಹಲ್ಲು ಹೋಗಿತ್ತು, ಚಿಕ್ಕದರದೂ ಹೋಗಿತ್ತು. ಎಲ್ಲೆಲ್ಲಿಂದಲೋ ಮಿಸ್ತ್ರಿಗಳು ಬಂದರು, ತಲೆ ಕೆರೆದುಕೊಂಡು ಹೋದರು. ಗೋದಾಮಿನ ತುಂಬ ಗೇರಿದ್ದರೂ ಅದಕ್ಕೆ ಹೊಂದುವುದು ಯಾವುದು ಅಂತ ಆರಿಸಬಲ್ಲವರಿಲ್ಲ. ಎಲ್ಲರೂ ಹೇಳಿದ್ದು ಒಂದೇ ಹೆಸರು.

ಅಂದಾನೆಪ್ಪ ಮೂರು ಸಲ ಹೇಳಿ ಕಳಿಸಿದ. ಮೌನವ್ವ ಮೂರು ಸಲವೂ ಹೇಳಲು ಬಂದವನ ಕಾಲ ಮೇಲೆ ಗೇರು ಕೆಡವಿದಳು. ಕೊನೆಗೆ ಸಾವಕಾರನೇ ಬಂದ. ಬರುತ್ತೇನೆ, ಆದರೆ ಗೋದಾಮಿನ ಬಾಗಿಲೆಲ್ಲ ತೆರೆದಿರಬೇಕು, ಓಣಿಯ ಜನವೆಲ್ಲ ಅಂಗಳದಲ್ಲಿ ಇರಬೇಕು, ಕಟ್ಟೆಯ ಹಿರಿಯರೂ ಬರಬೇಕು ಅಂದಳು. ಹೆಂಗಸಿನ ಹಠ ಅಂತ ಅವನು ನಕ್ಕು ಒಪ್ಪಿಕೊಂಡ.

ಹೊತ್ತು ಹುಟ್ಟುವಾಗ ಒಳಗೆ ಹೋದವಳು ನೆತ್ತಿಯ ಮೇಲೆ ಬಿಸಿಲು ಬಂದಾಗ ಹೊರಗೆ ಬಂದಳು. ಮೊಣಕೈ ತನಕ ಕಪ್ಪು. ಕೈಯಲ್ಲಿ ಒಂದು ದೊಡ್ಡ ಗೇರು, ತುಕ್ಕು ಹಿಡಿದದ್ದು, ಒಂದು ಹಲ್ಲು ಸೀಳಿದ್ದು. ಅದನ್ನು ಹಿರಿಯರ ಮುಂದೆ ಇಟ್ಟು ಸೀಮೆಎಣ್ಣೆಯಲ್ಲಿ ಒರೆಸಿದಳು. ಅಂಕಿ ಕಂಡಿತು. ಇನ್ನೂರ ಎಂಬತ್ತಮೂರು. ಸೊಂಟದ ಚೀಲದಿಂದ ಗಂಡನ ಚಿಕ್ಕ ಗೇರು ತೆಗೆದಳು. ಭರಣಿಯಿಂದ ಕುಂಕುಮ ತೆಗೆದು ಎಣ್ಣೆಯಲ್ಲಿ ಕಲಸಿ ಬಳಿದಳು, ಕಚ್ಚಿಸಿದಳು, ತಿರುಗಿಸಿದಳು. ಉಳಿದಿದ್ದ ಆರು ಹಲ್ಲಿಗೂ ನಡುಮೈ ತುಂಬ ಕೆಂಪು ಹತ್ತಿತ್ತು.

ಇವೆರಡೂ ಜೋಡಿ ಅಂತ ಅವಳು ವಿವರಿಸಿದಳು. ಇದರ ದೊಡ್ಡದು ಸೀಳಿತ್ತು, ಆ ನಾನೂರ ಹದಿನೇಳರ ಚಿಕ್ಕದು ಸವೆದಿತ್ತು. ಎರಡು ಅರ್ಧ ಸೇರಿಸಿ ಒಂದು ಪೂರ್ತಿ ಮಾಡಿ, ಅಂಕಿ ಕೆತ್ತಿ ಸಾವಕಾರ ಮಾರಿದ, ನನ್ನ ಗಂಡ ಕುಡಿದು ಬೀಳಲಿಲ್ಲ ಅಂದಳು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅಂದಾನೆಪ್ಪ ಬೆವರೊರೆಸಿಕೊಂಡ. ಆಮೇಲೆ ಅದೇ ಹಳೆಯ ಮಾತು ತೆಗೆದ. "ಹನ್ನೆರಡ ವರ್ಷದ ತುಕ್ಕ ಹಿಡಕೊಂಡ ಬಂದಾಳ. ಹಲ್ಲ ಕೂಡಿದ್ರ ಮುಗೀತು. ಕಬ್ಬಿಣ ಅಂದ್ರ ಕಬ್ಬಿಣ." ಹಿರಿಯರ ಮುಖದಲ್ಲಿ ಜೀವ ಬಂತು. ಹೌದು ಹೌದು, ಹಳೆಯದನ್ನು ಕೆದಕಿ ಏನು ಉಪಯೋಗ ಅಂದರು. ಕಣ್ಣೆದುರಿಗೆ ಕೆಂಪಗೆ ಬರೆದು ತೋರಿಸಿದರೂ ಓದಲಿಲ್ಲ ಅವರು! ಇದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅವಳು ಕಿರುಚುತ್ತಾಳೆ ಅಂತ ಎಲ್ಲರೂ ಕಾದರು. ಗೇರು ಎತ್ತಿ ಒಗೆಯುತ್ತಾಳೆ ಅಂತ ಅಂದಾನೆಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಆವತ್ತು ಅವಳು ಒಂದು ಮಾತೂ ಆಡಲಿಲ್ಲವಂತೆ. ಸುಮ್ಮನೆ ಮತ್ತೆ ಗೋದಾಮಿನ ಒಳಗೆ ಹೋದಳು. ಸಿಟ್ಟು ಗಂಟಲಲ್ಲಿ ಇರುವ ತನಕ ಮನುಷ್ಯ ಕೂಗುತ್ತಾನೆ. ಅವಳ ಸಿಟ್ಟು ಗಂಟಲು ದಾಟಿ ಕೈಗೆ ಇಳಿದಿತ್ತು.

ಮತ್ತೆ ಹೊರಗೆ ಬಂದಾಗ ಕೈಯಲ್ಲಿ ಎರಡು ಗೇರುಗಳಿದ್ದವು, ಒಂದು ದೊಡ್ಡ ಗೇರು, ಒಂದು ಚಿಕ್ಕ ಗೇರು. "ಸಾವಕಾರ್ರ, ನಿಮ್ಮ ಕಾರಿಗೆ ಇವು ಹಲ್ಲಿಗೆ ಹಲ್ಲು ಕೂಡತಾವ. ಅಂಕಿ ಬ್ಯಾರೆ ಬ್ಯಾರೆ. ನೋಡ್ರಿ, ಆಮ್ಯಾಲ ಹೇಳಲಿಲ್ಲ ಅನಬ್ಯಾಡ್ರಿ. ಕಬ್ಬಿಣ ಅಂದ್ರ ಕಬ್ಬಿಣ ಅಂದ್ರಿ. ಹಾಕಸಲ್ಯಾ?" ಅಂತ ಕೇಳಿದಳು.

ಊರೆಲ್ಲ ಅವನ ಬಾಯಿ ನೋಡುತ್ತಿತ್ತು. ಬೇಡ ಅಂದರೆ ಹನ್ನೆರಡು ವರ್ಷದ ಮಾತು ಅಲ್ಲೇ ಬಿದ್ದುಹೋಗುತ್ತದೆ. "ಹಾಕಸು" ಅಂದ.

ಮೋದಿನಸಾಬ ಸಂಜೆಯ ತನಕ ಕೂತು ಹಾಕಿದ. ಮರುದಿನ ಬೆಳಿಗ್ಗೆ ಕಾರನ್ನು ತಂದು ಘಟ್ಟದ ಬಾಯಲ್ಲಿ, ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿದರು. ಓಣಿಗೆ ಓಣಿಯೇ ಬಂದಿತ್ತು. ಬಸ್ಸಿನವನು ಬಸ್ಸು ನಿಲ್ಲಿಸಿ ಇಳಿದು ಬಂದಿದ್ದ. ಕಟ್ಟಳೆಯ ಪ್ರಕಾರ ಹಾಕಿದವನೇ ಮೊದಲು ಇಳಿಸಬೇಕಲ್ಲ, ಮೋದಿನಸಾಬ ಪೈಜಾಮ ಮೇಲೆ ಕಟ್ಟಿ ಕಾರಿನತ್ತ ನಡೆದ. ಅವನ ಮುಖ ಬಿಳಿಚಿತ್ತು, ಆದರೂ ನಡೆದ. ಮೌನವ್ವ ಅವನಿಗೆ ಅಡ್ಡ ನಿಂತಳು.

"ನೀ ಯಾಕ ಮೋದಿನಣ್ಣ? ನೀ ಹಾಕಿದಾಂವ ಅಷ್ಟ. ಮಾಲ ಯಾರದು? ಮಾಲ ಕೊಟ್ಟಾಂವ ಇಳಸಲಿ."

ಹಾಗಂದವಳೇ ತಾನು ಕಾರಿನ ಬಾಗಿಲು ತೆಗೆದು ಎಡಗಡೆಯ ಸೀಟಿನಲ್ಲಿ ಹತ್ತಿ ಕೂತಳು. ಸೆರಗು ಬಿಗಿದು ಸಿಕ್ಕಿಸಿಕೊಂಡಳು. ಕುಂಕುಮದ ಭರಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಜನರಲ್ಲಿ ಗುಲ್ಲೆದ್ದಿತು, ಬೇಡ ತಾಯಿ ಇಳಿ ಅಂತ ಕೂಗಿದರು. ಅವಳು ಅತ್ತ ತಿರುಗಲಿಲ್ಲ. ಪಕ್ಕದ ಸೀಟನ್ನು ಅಂಗೈಯಿಂದ ತಟ್ಟಿದಳು.

"ಬರ್ರಿ ಸಾವಕಾರ್ರ, ಕುಂದರ್ರಿ. ನಾನೂ ಕುಂತೀನಿ. ಅವತ್ತ ಸರಿ ಐತಿ ಅಂದಾಕಿ ನಾನ. ಅಂದಾಕೀನೂ ಕುಂದರಬೇಕಿತ್ತು, ಕೊಟ್ಟಾಂವನೂ ಕುಂದರಬೇಕಿತ್ತು. ಇಬ್ಬರೂ ಅವನ್ನ ಒಬ್ಬನ್ನ ಕಳಿಸಿದಿವಿ. ಇವತ್ತ ಹೋಗೂಣ ಬರ್ರಿ."

ಅಂದಾನೆಪ್ಪ ನಗಲು ನೋಡಿದ. ರುಮಾಲು ಸರಿಮಾಡಿಕೊಂಡ. ಕಾರಿನ ಹತ್ತಿರ ಬಂದು ಬಾಗಿಲ ಮೇಲೆ ಕೈಯಿಟ್ಟ, ಒಂದು ಕಾಲನ್ನು ಫುಟ್‌ಬೋರ್ಡಿನ ಮೇಲೆ ಇಟ್ಟ. ಅಲ್ಲಿಂದ ದಾರಿ ಕಾಣುತ್ತಿತ್ತು. ಮೊದಲ ತಿರುವು, ಎರಡನೆಯದು, ಅದರಾಚೆ ಬರೀ ಕಣಿವೆ. ಇನ್ನೊಂದು ಕಾಲು ನೆಲದಿಂದ ಏಳಲಿಲ್ಲ. ಫುಟ್‌ಬೋರ್ಡಿನ ಮೇಲಿದ್ದ ಕಾಲು ಎಷ್ಟು ನಡುಗಿತೆಂದರೆ ಹಿತ್ತಾಳೆಯ ದೀಪ ಗಿಲಿಗಿಲಿ ಅಂದಿತು ಅಂತಾರೆ. ಆ ಕಾಲನ್ನೂ ಅವನು ಕೆಳಗೆ ಇಳಿಸಿದ.

"ಮೊದಲ ಒಂದ ಅಂಕಿದು ಜೋಡಿ ಹಾಕ್ರಿ" ಅಂದ. ಮೆಲ್ಲಗೆ ಅಂದ, ಆದರೆ ಊರಿಗೆ ಊರೇ ಕೇಳಿತು.

ಮೌನವ್ವ ಕೂತಲ್ಲಿಂದಲೇ ಕೇಳಿದಳು. "ಗೊತ್ತಿತ್ತಲ್ಲೋ ನಿನಗ. ನನ್ನ ಗಂಡಗ ಯಾಕ ಹೇಳಲಿಲ್ಲ ಈ ಮಾತು?" ಹನ್ನೆರಡು ವರ್ಷ ರೀ ಹಚ್ಚಿ ಮಾತಾಡಿಸಿದವಳು ಅವನನ್ನು ಏಕವಚನದಲ್ಲಿ ಕೇಳಿದಳು, ಒಬ್ಬರೂ ತಪ್ಪೆನ್ನಲಿಲ್ಲ. ಕಬ್ಬಿಣ ಓದಲು ಬಾರದ ಊರಿಗೆ ಆ ಕಾಲು ಓದಲು ಬಂತು.

ಹಿರಿಯರಲ್ಲಿ ಒಬ್ಬ ಮುಂದೆ ಬಂದು ತಪ್ಪಾಯಿತು ತಂಗಿ ಅಂತ ಕೈ ಮುಗಿದ. ಕಣ್ಣೀರು ಹಾಕಿ, ಇರಲಿ ಬಿಡಿ ಅನ್ನುತ್ತಾಳೆ ಅಂದುಕೊಂಡಿದ್ದಿರೇನು? ಅಂಥವಳಲ್ಲ ಅವಳು. "ನಿಮ್ಮ ತಪ್ಪ ಕಟಗೊಂಡ ನಾ ಏನ ಮಾಡ್ಲಿ? ಅದನ್ನ ಉಣ್ಣಾಕ ಬರತೈತೇನು? ನನ್ನ ಗಂಡನ ಹೆಸರ ಕೊಡ್ರಿ" ಅಂದಳು. ಕಾರಿನಿಂದ ಇಳಿದು, ಭರಣಿ ಹಿಡಿದುಕೊಂಡು ಘಟ್ಟದ ದಾರಿಯಲ್ಲಿ ನಡೆದಳು. ಅವಳ ಹಿಂದೆ ಮೋದಿನಸಾಬ, ಅವನ ಹಿಂದೆ ಊರು. ಏಳನೇ ತಿರುವಿನಲ್ಲಿ ಒಂದು ಅಗಲವಾದ ಬಂಡೆ ಇದೆ. ಹರಳೆಣ್ಣೆಯಲ್ಲಿ ಕುಂಕುಮ ಕಲಸಿ, ಹಲ್ಲೆಣಿಸುವ ಹೆಬ್ಬೆರಳಿನಿಂದಲೇ ಅವಳು ಅದರ ಮೇಲೆ ಬರೆದಳು. ಕಾಳಪ್ಪನ ತಿರುವು. ಬರೆದು ಮುಗಿಸಿ ಬಸ್ಸಿನವನನ್ನು ಕರೆದು ಓದು ಅಂದಳು. ಅವನು ಓದಿದ. ಇನ್ನೂ ಜೋರಾಗಿ ಅಂದಳು. ಅವನು ದಿನಾ ಕೂಗುವ ದನಿಯಲ್ಲಿ ಕೂಗಿದ, ಕಣಿವೆ ಅದನ್ನು ತಿರುಗಿ ಕೂಗಿತು.

ಅಂದಾನೆಪ್ಪ ಏನಾದ ಅಂತ ಕೇಳುತ್ತೀರಿ. ಊರು ಬಿಟ್ಟ ಅಂತಾರೆ, ಗೋದಾಮಿಗೆ ಬೀಗ ಹಾಕಿಕೊಂಡು ಒಳಗೇ ಸತ್ತ ಅಂತಲೂ ಅಂತಾರೆ. ನನಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಮನಸ್ಸೂ ಇಲ್ಲ. ಅವನ ಕಾರು ಮಾತ್ರ ಘಟ್ಟದ ಬಾಯಲ್ಲಿ ನಿಂತಲ್ಲೇ ನಿಂತು, ಅದರ ಸೀಟಿನಲ್ಲಿ ಬೇವಿನ ಗಿಡ ಹುಟ್ಟಿತಂತೆ. ಅದಕ್ಕೆ ಸರಿಯಾದ ಜೋಡಿ ಇಷ್ಟು ವರ್ಷವೂ ಮೌನವ್ವನ ಶೆಡ್ಡಿನಲ್ಲೇ ಇತ್ತಂತೆ, ತಾಮ್ರದ ತಂತಿ ಕಟ್ಟಿಕೊಂಡು. ಅವಳು ಕೊಡಲಿಲ್ಲ.

ಆಮೇಲೆ ಅವಳ ಸಿಟ್ಟು ತಣಿಯಿತು ಅಂತ ಕೆಲವರು ಕತೆಗೆ ಸಕ್ಕರೆ ಹಾಕುತ್ತಾರೆ. ಸುಳ್ಳು. ಸಾಯುವ ದಿನವೂ ಯಾರನ್ನೋ ಬೈಯುತ್ತಿದ್ದಳಂತೆ. ಹೆಸರು ವಾಪಸು ಬಂತು, ಮಧ್ಯಾಹ್ನದ ರೊಟ್ಟಿಗೆ ಬರುತ್ತೇನೆ ಅಂದವನು ಬರಲಿಲ್ಲವಲ್ಲ, ಯಾಕೆ ತಣಿಯಬೇಕು? ಈಗ ಅವಳಿಗೊಂದು ಗುಡಿ ಕಟ್ಟಬೇಕು ಅನ್ನುವವರು ಹುಟ್ಟಿಕೊಂಡಿದ್ದಾರೆ. ಅವಳು ಕೂಗಿದಾಗ ಕಿಟಕಿಯಿಂದ ನಕ್ಕವರ ಮೊಮ್ಮಕ್ಕಳು ಅವರು. ಗುಡಿ ಬೇಡ ಅವಳಿಗೆ. ಮಾಡಬೇಕಾದ್ದನ್ನು ಓಣಿಯವರು ಮಾಡುತ್ತಲೇ ಇದ್ದಾರೆ.

ಮಳೆ ಬಂಡೆಯನ್ನು ತೊಳೆಯುತ್ತದೆ. ಮಳೆ ನಿಂತ ಮೇಲೆ ಗುಜರಿ ಓಣಿಯ ಮಿಸ್ತ್ರಿಗಳು ಹೋಗಿ, ಹರಳೆಣ್ಣೆಯಲ್ಲಿ ಕುಂಕುಮ ಕಲಸಿ, ಬ್ರಷ್ಷು ಮುಟ್ಟದೆ ಹೆಬ್ಬೆರಳಿನಿಂದಲೇ ಆ ಅಕ್ಷರಗಳನ್ನು ಮತ್ತೆ ಬರೆದು ಬರುತ್ತಾರೆ. ಜೋಡಿ ಗೇರಿಗೆ ಇಂದಿಗೂ ತಾಮ್ರದ ತಂತಿ ಕಟ್ಟುತ್ತಾರೆ, ಕುಂಕುಮ ಬಳಿದು ತಿರುಗಿಸಿ ತೋರಿಸದೆ ಮಾರುವುದಿಲ್ಲ. ಹಾಕಿದ ಮಿಸ್ತ್ರಿ ಒಬ್ಬನೇ ಘಟ್ಟ ಇಳಿಯುವ ಕಟ್ಟಳೆಯೂ ಆವತ್ತೇ ಹೋಯಿತು. ಈಗ ಹೊಂದುತ್ತದೆ ಅಂದವರೂ ಹತ್ತಬೇಕು, ಮಾರಿದವನೂ ಹತ್ತಬೇಕು. ಹಳೇ ಕಾರಿನವರು ಎಷ್ಟೇ ದೂರದಿಂದ ಬಂದಿರಲಿ, ಅಂಗಡಿಯವನು ಎಷ್ಟೇ ಆಣೆ ಪ್ರಮಾಣ ಮಾಡಲಿ, ಗೇರು ಕೈಯಲ್ಲಿ ಹಿಡಿದು ಕೊನೆಗೆ ಕೇಳುವುದು ಒಂದೇ ಪ್ರಶ್ನೆ, ಕುಂದರತೀಯೇನು ಅಂತ. ಕೇಳಿದಾಗ ಕಣ್ಣು ತಪ್ಪಿಸಿದವನ ಅಂಗಡಿಯಿಂದ ಆ ಓಣಿಯಲ್ಲಿ ಯಾರೂ ಒಂದು ವಾಷರು ಕೂಡ ಕೊಳ್ಳುವುದಿಲ್ಲ.